ಒಂಬತ್ತು ರೊಟ್ಟಿಯ ಪಥ್ಯ

ನಿಮ್ಮ ಕೈಗೂ ಈಗಷ್ಟೇ ಒಂದು ರಿಪೋರ್ಟು ಬಂದು, ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ಓಡಾಡುತ್ತಿದ್ದೀರಾ? ಹಾಗಿದ್ದರೆ ಇದು ನಿಮಗಾಗಿ ಬರೆದದ್ದು. ನಾನೂ ಹಾಗೆ ಓಡಾಡಿದವನೇ, ರಿಪೋರ್ಟಿನ ಬದಲು ಗಾಯ ಮುಚ್ಚಿಟ್ಟುಕೊಂಡು. ನನ್ನಷ್ಟು ದಡ್ಡತನವನ್ನಂತೂ ನೀವು ಮಾಡಿರಲಾರಿರಿ. ಆ ಸಮಾಧಾನವಾದರೂ ನಿಮಗೆ ಸಿಗಲಿ.

ನನ್ನ ಹೆಸರು ಮಲ್ಲಿಕಾರ್ಜುನ. ವಯಸ್ಸು ಇಪ್ಪತ್ತೊಂಬತ್ತು. ಶಹಾಪುರದ ಹೊರಗೆ ಒಂದು ಅಕ್ಕಿ ಗಿರಣಿಯಲ್ಲಿ ಕಾಟಾದ ಕೆಲಸ. ಭತ್ತದ ಲಾರಿ, ಟ್ರ್ಯಾಕ್ಟರುಗಳು ಬಂದು ದೊಡ್ಡ ತಕ್ಕಡಿಯ ಮೇಲೆ ನಿಲ್ಲುತ್ತವೆ. ನಾನು ಗಾಜಿನ ಕಿಟಕಿಯ ಹಿಂದೆ ಕೂತು ತೂಕ ಓದಿ ಚೀಟಿ ಕೊಡುತ್ತೇನೆ. ‘ದಿನಾ ಇಷ್ಟಿಷ್ಟು ಟನ್ ಎತ್ತತೀನಿ’ ಎಂದು ಊರಲ್ಲಿ ಬಡಾಯಿ ಕೊಚ್ಚಿಕೊಳ್ಳುತ್ತಿದ್ದೆ. ನಿಜವಾಗಿ ಎತ್ತುತ್ತಿದ್ದದ್ದು ಒಂದು ಪೆನ್ನು ಮತ್ತು ಚಹಾದ ಕಪ್ಪು.

ಎರಡು ವರ್ಷದ ಹಿಂದೆ ಗಿರಣಿಯವರು ಕೆಲಸಗಾರರಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರು. ಚೀಲ ಹೊರುವ ಹಮಾಲರು, ಅವರಲ್ಲಿ ಅರವತ್ತು ದಾಟಿದವರೂ ಇದ್ದರು, ಎಲ್ಲರೂ ಪಾಸು. ಚೀಟಿ ಹೊರುವ ನಾನು ಫೇಲು. ಶಹಾಪುರದ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

“ಇನ್ನಾ ಸಕ್ಕರಿ ಕಾಯಿಲೆ ಅಂತ ಅಲ್ಲ. ಆದ್ರ ಅದರ ಹೊಸ್ತಿಲ ಮ್ಯಾಲ ಕುಂತೀರಿ.”

“ಹೊಸ್ತಿಲ ಮ್ಯಾಲ ಕುಂದ್ರಬಾರದು ಅಂತ ನಮ್ಮವ್ವ ದಿನಾ ಬೈತಾಳ್ರಿ,” ಎಂದೆ ನಾನು.

ಅವರು ನಗಲಿಲ್ಲ. “ಖರೇ ಹೇಳ್ಯಾರ ನಿಮ್ಮವ್ವ. ಎದ್ದು ಹಿಂದಕ ಬರ್ರಿ, ಒಳಗ ಹೋಗಬ್ಯಾಡ್ರಿ. ಅನ್ನ ಕಡಿಮಿ ಮಾಡ್ರಿ. ಸಿಹಿ ಚಹಾ ಬಿಡ್ರಿ. ದಿನಾ ಅರ್ಧಾ ತಾಸು ನಡೀರಿ. ತೂಕ ಇಳಸ್ರಿ. ಮೂರು ತಿಂಗಳ ಬಿಟ್ಟು ಮತ್ತ ರಕ್ತ ತೋರಸ್ರಿ.”

ಅವರು ಹೇಳಿದ್ದು ಐದು ಮಾತು. ನಾನು ತೆಗೆದುಕೊಂಡದ್ದು ಮೊದಲನೆಯದು ಮಾತ್ರ. ಅದನ್ನೂ ತಲೆಕೆಳಗಾಗಿ.

ನಮ್ಮ ಕಡೆ ಅನ್ನಕ್ಕೊಂದು ಕಥೆಯಿದೆ. ಅವ್ವ ಸೊಸೆಯಾಗಿ ಬಂದಾಗ ಅನ್ನ ಎಂಬುದು ಹಬ್ಬಕ್ಕೆ, ಇಲ್ಲವೇ ಜ್ವರ ಬಂದವರಿಗೆ. ಉಳಿದ ದಿನವೆಲ್ಲ ಜೋಳದ ರೊಟ್ಟಿ. ಆಮೇಲೆ ಕೆನಾಲು ಬಂತು. ಜೋಳ ಬಿತ್ತುತ್ತಿದ್ದ ಹೊಲ ಗದ್ದೆಯಾಯಿತು. ನಾನು ಕೆನಾಲು ಬಂದ ಮೇಲೆ ಹುಟ್ಟಿದವನು, ಮೂರು ಹೊತ್ತೂ ಬಿಳಿ ಅನ್ನ ಉಂಡು ಬೆಳೆದವನು. ಹೀಗಾಗಿ ಊರಿನ ಎಲ್ಲ ರೋಗಕ್ಕೂ ಅವ್ವನ ಬಳಿ ಒಂದೇ ಕಾರಣವಿತ್ತು.

“ಕೆನಾಲ ಬಂತು, ಅನ್ನ ಬಂತು, ಅನ್ನದ ಬೆನ್ನಿಗೆ ರೋಗ ಬಂತು. ಜ್ವಾಳ ತಿಂದವರಿಗೆ ಸಕ್ಕರಿ ಬಂದದ್ದು ನಾ ಕಂಡಿಲ್ಲ ಬಿಡು. ನಾಳಿಂದ ನಿನಗ ರೊಟ್ಟಿನೇ.”

ಆ ಕ್ಷಣ ನನಗೆ ಜ್ಞಾನೋದಯವಾಯಿತು. ಅನ್ನ ವಿಷವಾದರೆ ರೊಟ್ಟಿ ಔಷಧ. ಔಷಧವನ್ನು ಎಷ್ಟು ಹೆಚ್ಚು ತಿಂದರೆ ಅಷ್ಟು ಬೇಗ ಗುಣ. ಮೊದಲು ನಾಲ್ಕು ರೊಟ್ಟಿ ತಿನ್ನುತ್ತಿದ್ದೆ, ಆರಕ್ಕೆ ಏರಿದೆ, ತಿಂಗಳಲ್ಲಿ ಒಂಬತ್ತಕ್ಕೆ ಹೋಗಿ ನಿಂತೆ. ಒಂದು ಹೊತ್ತಿಗೆ ಒಂಬತ್ತು. ಹೆಂಡತಿ ನೀಲಮ್ಮ ರೊಟ್ಟಿ ಬಡಿದು ಬಡಿದು ಹೈರಾಣಾದಳು.

“ಏನ್ರಿ, ಇದು ಪಥ್ಯೇನೋ ಪಂದ್ಯೇನೋ?” ಎಂದು ಕೇಳಿದಳು.

“ಔಷಧ ಕೊಡೋವಾಗ ಲೆಕ್ಕಾ ಹಿಡೀಬಾರದು ನೀಲಾ. ಹಾಕು ಇನ್ನೊಂದು.”

“ಹಾಕು ಹಾಕು,” ಎಂದು ಅವ್ವ ಪಕ್ಕದಿಂದ ಬೆಣ್ಣೆ ಸವರುತ್ತಿದ್ದಳು. “ಮಗಾ ಜೀವಾ ಉಳಸ್ಕೊಳ್ಳಾಕತ್ತಾನ.”

ಹಾಗಂತ ನಾನು ತೆಪ್ಪಗಿದ್ದೆನೇ? ಊರಿಗೆಲ್ಲ ಉಪದೇಶ ಶುರು ಮಾಡಿದೆ. ಮದುವೆ ಊಟದಲ್ಲಿ ಅನ್ನದ ಬುಟ್ಟಿ ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸ್ವಾಮಿಗಳ ಹಾಗೆ ಕಣ್ಣು ಮುಚ್ಚುತ್ತಿದ್ದೆ. ಬುಟ್ಟಿ ದಾಟಿ ಹೋದ ಮೇಲೆ ಪಕ್ಕದವನ ಎಲೆಯ ರೊಟ್ಟಿಗೂ ಕೈ ಹಾಕುತ್ತಿದ್ದೆ. ಇನ್ನು ಗಿರಣಿಯಲ್ಲಿ ಚಹಾ. ನಮ್ಮಲ್ಲೊಂದು ರಿವಾಜು ಇದೆ. ತೂಕವಾದ ಮೇಲೆ ರೈತ ಕಾಟಾದವನನ್ನು ಕರೆದುಕೊಂಡು ಹೋಗಿ ಅರ್ಧ ಕಪ್ಪು ಚಹಾ ಕುಡಿಸಬೇಕು. ಕುಡಿದರೆ ತೂಕದ ಬಗ್ಗೆ ಇಬ್ಬರ ಮನಸ್ಸಲ್ಲೂ ಕಸರಿಲ್ಲ ಎಂದರ್ಥ. ಒಲ್ಲೆ ಎಂದರೆ, ಇವನು ಏನೋ ಮೋಸ ಮಾಡಿದ್ದಾನೆ ಎಂಬ ಗುಮಾನಿ. ಭತ್ತದ ಸುಗ್ಗಿಯಲ್ಲಿ ನನ್ನ ಪ್ರಾಮಾಣಿಕತೆ ದಿನಕ್ಕೆ ಹದಿನೈದು ಅರ್ಧ ಕಪ್ಪು, ಒಂದೊಂದರಲ್ಲೂ ಚಮಚ ನಿಲ್ಲುವಷ್ಟು ಸಕ್ಕರೆ.

ಮೂರು ತಿಂಗಳಿಗೆ ಡಾಕ್ಟರ ಬಳಿ ಹೋಗಲಿಲ್ಲ. ಪಥ್ಯ ಇಷ್ಟು ಕಟ್ಟುನಿಟ್ಟಾಗಿ ನಡೆದಿರುವಾಗ ಹೋಗುವುದೇಕೆ?

ನಗಿಸುವ ಭಾಗ ಇಲ್ಲಿಗೆ ಬಹುತೇಕ ಮುಗಿಯಿತು. ಏಕೆಂದರೆ ಈ ನಡುವೆಯೇ ಸುರಪುರದಲ್ಲಿರುವ ನಮ್ಮ ಮಾವನ ಕಾಲು ತೆಗೆದರು.

ಭೀಮಣ್ಣ ಮಾವ ಅವ್ವನ ತಮ್ಮ. ಸುರಪುರದಲ್ಲಿ ಸಣ್ಣ ಕಿರಾಣಿ ಅಂಗಡಿ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಕಿರುಬೆರಳ ಹತ್ತಿರ ಒಂದು ಬೊಬ್ಬೆ ಎದ್ದಿತ್ತಂತೆ. ಕಡಲೆಕಾಳಿನಷ್ಟು. ಅದು ಮಾಯಲಿಲ್ಲ. ಬೆರಳು ಹೋಯಿತು, ಆಮೇಲೆ ಪಾದ, ಕೊನೆಗೆ ಮೊಣಕಾಲಿನ ಕೆಳಗಿನದೆಲ್ಲ. ಆಸ್ಪತ್ರೆಗೆ ನೋಡಲು ಹೋಗಿದ್ದೆ. ಮಾವ ನಿದ್ದೆಯಲ್ಲಿದ್ದರು. ಹೊದಿಕೆಯ ತುದಿಯಲ್ಲಿ ಒಂದು ಪಾದದ ಉಬ್ಬು ಇತ್ತು. ಇನ್ನೊಂದು ಕಡೆ ಹೊದಿಕೆ ಹಾಸಿಗೆಗೆ ಅಂಟಿಕೊಂಡು ಮಲಗಿತ್ತು. ಅವರು ಕಣ್ಣು ಬಿಡುವ ಮೊದಲೇ ನಾನು ಎದ್ದು ಬಂದೆ. ಆಮೇಲೆ ಒಂದು ವರ್ಷ ಸುರಪುರದ ಬಸ್ಸು ಹತ್ತಲಿಲ್ಲ. ಅವ್ವ ಕರೆದಾಗಲೆಲ್ಲ ಲಾರಿ ಬರುವುದಿದೆ ಎನ್ನುತ್ತಿದ್ದೆ. ಊರಿನ ಅಷ್ಟೂ ಲಾರಿಗಳು ನನ್ನ ಹೆದರಿಕೆಯನ್ನು ಹೊತ್ತು ತಿರುಗಿದವು.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ನನಗೆ ಬಾಯಾರಿಕೆ ಹತ್ತಿತು. ಕೊಡಗಟ್ಟಲೆ ನೀರು ಕುಡಿದರೂ ನಾಲಿಗೆ ಒಣ ಚಕ್ಕಳ. ಕುಡಿದದ್ದೆಲ್ಲ ಹೊರಗೆ ಹೋಗುತ್ತಿತ್ತು. ಎರಡು ಲಾರಿ ತೂಗುವಷ್ಟರಲ್ಲಿ ಮೂರು ಸಲ ಎದ್ದು ಗೋಡೆಯ ಹಿಂದೆ ಹೋಗುತ್ತಿದ್ದೆ. ಹಮಾಲ ಸಾಬಣ್ಣ ಎಲ್ಲರೆದುರು ಕೇಳಿದ, “ಏನ್ ಮಲ್ಲಣ್ಣ, ಕೆನಾಲಿಗೆ ನೀರು ಬಿಟ್ಟಾರೋ ನಿನಗ ಬಿಟ್ಟಾರೋ?”

“ನನಗೇ ಬಿಟ್ಟಾರ. ಕೆನಾಲಿನ ಕೊನೀ ತುದಿ ರೈತರಿಗೆ ಹೇಳು, ಈ ಸಲ ಚಿಂತಿ ಇಲ್ಲ ಅಂತ,” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾವನಿಗೂ ಮೊದಲು ಹೀಗೇ ಬಾಯಾರಿಕೆಯಾಗುತ್ತಿತ್ತೆಂದು ಅವ್ವ ಎಂದೋ ಹೇಳಿದ್ದಳು.

ಅದೇ ವಾರ ದಬ್ಬಣ ತುಳಿದೆ. ದಬ್ಬಣ ಅಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ನಮ್ಮ ಗಿರಣಿಯಲ್ಲಿ ಭತ್ತದ ರಾಶಿಯ ಹತ್ತಿರ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಲಕ್ಷ್ಮಿ ಅದು. ಮಾಲೀಕರೂ ಬಿಡುತ್ತಾರೆ, ಲಾರಿ ಡ್ರೈವರನೂ ಬಿಡುತ್ತಾನೆ. ನಾನೂ ಬಿಟ್ಟು ಬರಿಗಾಲಲ್ಲಿ ರಾಶಿ ನೋಡಲು ಹೋದೆ, ಬಂದು ಕುರ್ಚಿಯಲ್ಲಿ ಕೂತೆ. ಎಷ್ಟೋ ಹೊತ್ತಿನ ಮೇಲೆ ಸಾಬಣ್ಣ, “ಮಲ್ಲಣ್ಣ, ನೆಲದ ಮ್ಯಾಲ ಏನದು ರಕ್ತ?” ಎಂದ. ನೋಡಿದರೆ ರಾಶಿಯಿಂದ ಕುರ್ಚಿಯ ತನಕ ನನ್ನದೇ ಕೆಂಪು ಹೆಜ್ಜೆ. ಬಲಗಾಲು, ಹೆಬ್ಬೆರಳ ಬುಡ.

ಚುಚ್ಚಿದ್ದು ನನಗೆ ಗೊತ್ತಾಗಿರಲಿಲ್ಲ.

ಎಲ್ಲರೂ ಗಾಯ ನೋಡುತ್ತಿದ್ದರು. ನಾನು ಆ ಗೊತ್ತಾಗದೆ ಇದ್ದದ್ದನ್ನೇ ನೋಡುತ್ತಿದ್ದೆ.

ಶಹಾಪುರದಲ್ಲೇ ಒಂದು ಕಡೆ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಸಕ್ಕರೆ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಮನೆಯಲ್ಲಿ ಹೇಳಲಿಲ್ಲ. ಒಂದು ವಾರವಾಯಿತು, ಎರಡಾಯಿತು. ಗಾಯ ಹಾಗೇ ಬಾಯಿ ತೆರೆದುಕೊಂಡು ಕೂತಿತ್ತು. ನಾನು ಅರಿಶಿನ ತುಂಬಿದೆ, ಬೇವಿನೆಲೆ ಅರೆದು ಮೆತ್ತಿದೆ. ಗೆಳೆಯನೊಬ್ಬ ಹೇಳಿದನೆಂದು ಹಾಗಲಕಾಯಿ ರಸ ಕುಡಿದೆ. ಅದನ್ನು ಕುಡಿದವನ ಮುಖ ನೋಡಿ ಎಮ್ಮೆಯೂ ಹಾಲು ಬಿಡಲಿಲ್ಲ. ರೊಟ್ಟಿಯನ್ನು ಹತ್ತಕ್ಕೆ ಏರಿಸಿದೆ. ಗಾಯ ಕಾಣದಿರಲೆಂದು ಬೂಟು, ಕಾಲುಚೀಲ ತಂದೆ. ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ಕಲ್ಲೂ ಬೆವರುತ್ತದೆ. ಅಂಥದರಲ್ಲಿ ನಾನು ಮದುಮಗನ ಹಾಗೆ ಕರಿ ಬೂಟು ಹಾಕಿಕೊಂಡು ಗಿರಣಿಗೆ ಹೊರಟೆ.

“ನೌಕರಿ ಬಡ್ತಿ ಏನಾರ ಆತೇನೋ?” ಎಂದಳು ಅವ್ವ, ಸಂತೋಷದಿಂದ.

“ಹೂಂ ಬೇ, ಈಗ ನಾ ಬೂಟ್ ಆಫೀಸರ್.”

ನೀಲಮ್ಮ ನನ್ನ ಬೂಟನ್ನೇ ನೋಡಿದಳು. ಮೂರನೇ ವಾರ, ಒಂದು ಭಾನುವಾರ ಮಧ್ಯಾಹ್ನ, ಒಗೆಯುವ ಕಲ್ಲಿನ ಹತ್ತಿರದಿಂದ ಎದ್ದು ಬಂದಳು. ಕೈಯಲ್ಲಿ ನನ್ನ ಕಾಲುಚೀಲ. ತುದಿಯಲ್ಲಿ ಹಳದಿ ಕಲೆ ಗಟ್ಟಿಯಾಗಿ ಒಣಗಿತ್ತು.

“ಬೂಟು ಬಿಚ್ರಿ.”

“ಎದಕ್ಕ? ಪಾಲಿಶ್ ಮಾಡ್ತೀಯೇನು?”

“ನಗಸಬ್ಯಾಡ್ರಿ ನನ್ನ. ಬಿಚ್ರಿ.”

ಬಿಚ್ಚಿದೆ. ಅವಳು ಕೂತು ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. “ಎಷ್ಟು ದಿನದ್ದು?” ಎಂದಳು. ಹೇಳಿದೆ. “ಸುರಪುರದ ಮಾವನೋರದು ಹಿಂಗೇ ಸುರು ಆಗಿತ್ತಲ್ಲ,” ಎಂದಳು, ಬಹಳ ಸಣ್ಣ ದನಿಯಲ್ಲಿ. ಆ ಮಾತನ್ನು ಮೂರು ವಾರದಿಂದ ನಾನು ನನಗೇ ಹೇಳಿಕೊಳ್ಳದೆ ತಪ್ಪಿಸಿಕೊಂಡಿದ್ದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಪಾದ ನೋಡಿದಳು, ಮುಖ ನೋಡಿದಳು, ಅಲ್ಲೇ ಗೋಡೆಗೆ ಒರಗಿ ಕುಳಿತಳು. “ನಾ ಬೆಣ್ಣಿ ಸವರಿ ಸವರಿ ತಿನಿಸಿದೆ,” ಎಂದಳು. ಅಷ್ಟೇ. ಆ ದಿನ ನಮ್ಮ ಮನೆಯಲ್ಲಿ ಹಂಚು ಒಲೆಯ ಮೇಲೆ ಏರಲಿಲ್ಲ.

ಮರುದಿನ ಅದೇ ಹಳೆಯ ಡಾಕ್ಟರ ಬಳಿ ಹೋದೆವು. ಬೆರಳಿಗೆ ಚುಚ್ಚಿ ರಕ್ತ ನೋಡಿದರು, ಗಾಯ ನೋಡಿದರು. “ಹೊಸ್ತಿಲು ದಾಟಿ ನಡುಮನಿಗೆ ಬಂದೀರಲ್ರಿ. ಕಾಲಿನ ಗಾಯ ಅದ. ನಾ ಇಟ್ಕೊಳಂಗಿಲ್ಲ. ಯಾದಗಿರಿಗೆ ದೊಡ್ಡ ದವಾಖಾನಿಗೆ ಹೋಗ್ರಿ, ನಾಳಿ ಅನ್ನಬ್ಯಾಡ್ರಿ,” ಎಂದರು.

ಶಹಾಪುರದಿಂದ ಯಾದಗಿರಿಗೆ ದೂರವೇನಿಲ್ಲ. ಆ ದಿನ ಬಸ್ಸು ಬೆಂಗಳೂರಿನ ತನಕ ಹೋಗಿ ಬಂದಂತೆ ಇತ್ತು. ಭೀಮಾ ನದಿಯ ಸೇತುವೆಯ ಮೇಲೆ ನೀಲಮ್ಮ ಕೈಮುಗಿದಳು. ನಾನು ಕಿಟಕಿಯಿಂದ ಕಾಣುವ ಕಾಲುಗಳನ್ನೇ ಎಣಿಸುತ್ತಿದ್ದೆ. ನದಿಯಲ್ಲಿ ಬಟ್ಟೆ ಒಗೆಯುವವರ ಕಾಲು, ಸೈಕಲ್ ತುಳಿಯುವವನ ಕಾಲು, ಆಡಿನ ಕಾಲು. ಆಡಿಗೆ ನಾಲ್ಕಿವೆಯಲ್ಲ, ಒಂದು ಹೋದರೂ ಮೂರು ಉಳಿಯುತ್ತವೆ ಎಂದು ಅದರ ಮೇಲೆ ಹೊಟ್ಟೆಕಿಚ್ಚು ಬಂತು.

ಸಕ್ಕರೆ ರೋಗಿಗಳ ಖೋಲಿಯ ಹೊರಗೆ ಉದ್ದದ ಬೆಂಚು. ಎಲ್ಲರೂ ಐವತ್ತು, ಅರವತ್ತು ದಾಟಿದವರು. ಹೊಲದ ಇಳುವರಿ ಹೇಳಿಕೊಂಡ ಹಾಗೆ ಸಕ್ಕರೆಯ ಅಂಕಿ ಹೇಳಿಕೊಳ್ಳುತ್ತಿದ್ದರು.

“ನಂದು ಮುನ್ನೂರಿತ್ತು, ಈಗ ಎರಡನೂರಕ್ಕ ಬಂದಾದ.”

“ಚಲೋ ಆತು ತಗೋ. ನಂದು ನಾಕನೂರು ದಾಟ್ಯಾದ, ಮಗಳ ಮದ್ವಿ ಇತ್ತಲ್ಲ.”

ನನ್ನ ಪಕ್ಕದಲ್ಲಿ ಬಳಿಚಕ್ರ ಎಂಬ ಊರಿನಿಂದ ಬಂದ ಒಬ್ಬ ಅಜ್ಜಿ ಕೂತಿದ್ದಳು. ಮಡಿಲಲ್ಲಿ ಮಾತ್ರೆಗಳ ಪ್ಲಾಸ್ಟಿಕ್ ಚೀಲ. ನನ್ನನ್ನೂ ನೀಲಮ್ಮನನ್ನೂ ನೋಡಿ ಕೇಳಿದಳು, “ಯಾರನ್ನ ಕರ್ಕೊಂಡು ಬಂದೀಯೋ ಯಪ್ಪಾ? ನಿಮ್ಮವ್ವಗೋ, ಅಪ್ಪಗೋ?”

“ನನ್ನನ್ನೇ ಕರ್ಕೊಂಡು ಬಂದೀನಿ, ಆಯಿ.”

ಎಲ್ಲರೂ ಬಗ್ಗಿ ನನ್ನನ್ನು ನೋಡಿದರು. ಸಾವಿನ ಮನೆಯಲ್ಲಿ ಸಣ್ಣ ಮಕ್ಕಳನ್ನು ಹಾಗೆ ನೋಡುತ್ತಾರೆ. ಒಂದು ಚಟಾಕಿ ಹಾರಿಸಲು ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಅದು ನನ್ನ ಜೀವನದಲ್ಲಿ ಮೊದಲ ಸಲ. ಅಜ್ಜಿ ನನ್ನ ತೊಡೆಯ ಮೇಲೆ ಕೈಯಿಟ್ಟಳು. “ನಾ ಹದಿನೆಂಟು ವರ್ಷದಿಂದ ಗುಳಿಗಿ ನುಂಗಾಕತ್ತೀನಿ. ನೋಡಿಲ್ಲಿ, ಎರಡೂ ಕಾಲು ಅದಾವ,” ಎಂದು ಸೀರೆ ಒಂದಿಷ್ಟು ಮೇಲೆತ್ತಿ ಪಾದ ಅಲ್ಲಾಡಿಸಿದಳು. ಬಿರುಕು ಬಿಟ್ಟ, ಮಣ್ಣು ಕಂಡ, ಪೂರ್ತಿ ಹತ್ತು ಬೆರಳಿನ ಪಾದಗಳು. ಅಷ್ಟು ಚಂದದ್ದನ್ನು ನಾನು ಯಾವ ದೇವಸ್ಥಾನದಲ್ಲೂ ನೋಡಿಲ್ಲ.

ಒಳಗಿದ್ದ ಡಾಕ್ಟರಮ್ಮ ಎಲ್ಲ ಕೇಳಿದರು. ಏನು ತಿನ್ನುತ್ತೀರಿ ಎಂದಾಗ ಹೆಮ್ಮೆಯಿಂದಲೇ ಹೇಳಿದೆ, “ಅನ್ನ ಮುಟ್ಟಿಲ್ರಿ. ಎರಡು ವರ್ಷದಿಂದ ಬರೇ ಜ್ವಾಳದ ರೊಟ್ಟಿ.”

“ಎಷ್ಟು?”

ನಾನು ಚಾವಣಿ ನೋಡಿದೆ. ನೀಲಮ್ಮ ಹೇಳಿದಳು, “ಒಂದೊಂದು ಹೊತ್ತಿಗೆ ಒಂಬತ್ರಿ, ಮೇಡಂ. ಹತ್ತೂ ಆಗ್ಯಾವ.”

ಡಾಕ್ಟರಮ್ಮನ ಪೆನ್ನು ನಿಂತಿತು. “ಜ್ವಾಳದಾಗ ಸಕ್ಕರಿ ಆಗೋದಿಲ್ಲ ಅಂತ ಯಾರು ಹೇಳಿದ್ರು ನಿಮಗ? ಹೊಟ್ಟ್ಯಾಗ ಹೋದ ಮ್ಯಾಲ ಅದೂ ಸಕ್ಕರಿನೇ ಆಗ್ತದ. ರೊಟ್ಟಿ ಚಲೋನೇ, ಎರಡಿದ್ರ.”

ಆಮೇಲೆ ಕಾಲು ಮಂಚದ ಮೇಲೆ ಇಡಿಸಿದರು. ಗಾಳದ ದಾರದಂಥ ಗಟ್ಟಿ ಎಳೆಯೊಂದನ್ನು ಕೈಗೆ ತೆಗೆದುಕೊಂಡರು. “ಕಣ್ಣು ಮುಚ್ರಿ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ರಿ.”

ಇದು ಪರೀಕ್ಷೆ ಎಂದು ನನ್ನ ತಲೆಗೆ ಹೋಯಿತು. ಪರೀಕ್ಷೆ ಎಂದರೆ ನಾನು ಶಾಲೆಯಿಂದಲೂ ಮಾಡುತ್ತ ಬಂದದ್ದು ಒಂದೇ. ಕಣ್ಣು ಮುಚ್ಚಿ, “ಹೂಂ” ಎಂದೆ. ಸ್ವಲ್ಪ ಹೊತ್ತು ಬಿಟ್ಟು “ಹೂಂ”. ಮತ್ತೆ “ಹೂಂ”. ಎಲ್ಲ ಸರಿ ಉತ್ತರ ಕೊಟ್ಟರೆ ಕಾಲು ಪಾಸು, ಕತ್ತರಿಸುವುದಿಲ್ಲ ಎಂದು ಲೆಕ್ಕ.

“ಮಲ್ಲಿಕಾರ್ಜುನ,” ಎಂದರು ಡಾಕ್ಟರಮ್ಮ, “ನಾ ಇನ್ನಾ ಮುಟ್ಟೇ ಇಲ್ಲ.”

ಕಣ್ಣು ಬಿಟ್ಟೆ. ಎಳೆ ಅವರ ಕೈಯಲ್ಲೇ ಇತ್ತು. ನೀಲಮ್ಮ ಮುಖ ತಿರುಗಿಸಿದ್ದಳು. ನಗಲು ನೋಡಿದೆ. ನಗು ಅರ್ಧ ದಾರಿಯಲ್ಲಿ ಒಡೆದು ಬೇರೇನೋ ಆಗಿ ಹೊರಬಂತು. “ಕಾಲು ತೆಗೀತೀರೇನ್ರಿ, ಮೇಡಂ?” ಎಂದು ಕೇಳಿದೆ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಮಂಚದ ಅಂಚು ಹಿಡಿದು, ಮೂಗು ಸೋರಿಸುತ್ತ.

ಅವರು ಸ್ಟೂಲು ಎಳೆದುಕೊಂಡು ಕೂತರು. “ನೀವು ಸುಳ್ಳು ಹೇಳಿದ್ರ ನನಗ ಏನೂ ಲುಕ್ಸಾನ್ ಇಲ್ರಿ. ಲುಕ್ಸಾನ್ ಈ ಕಾಲಿಗೆ. ಮತ್ತ ಕಣ್ಣು ಮುಚ್ರಿ. ಗೊತ್ತಾಗಲಿಲ್ಲ ಅಂದ್ರ ಸುಮ್ಮ ಇರ್ರಿ.”

ಎರಡನೇ ಸಲ ಕಣ್ಣು ಮುಚ್ಚಿದೆ. ಹಿಮ್ಮಡಿಯಲ್ಲಿ ಚುರುಕ್. ಹೂಂ. ಪಾದದ ನಡುವೆ. ಹೂಂ. ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಮುಟ್ಟುತ್ತಿಲ್ಲವೋ, ಮುಟ್ಟಿದ್ದು ತಿಳಿಯುತ್ತಿಲ್ಲವೋ ಗೊತ್ತಿಲ್ಲ. ಆ ಸುಮ್ಮನಿರುವಿಕೆಯಷ್ಟು ಉದ್ದದ ಸಮಯವನ್ನು ನಾನು ಬದುಕಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿದದ್ದು ಮಾತ್ರ ಚೆನ್ನಾಗಿ ಗೊತ್ತಾಯಿತು. ಆಮೇಲೆ ಕಿರುಬೆರಳು. ಹೂಂ.

“ಎರಡು ಕಡೆ ಮಂದ ಅದ,” ಎಂದರು. “ಉಳಿದಿದ್ದು ಚಲೋ ಅದ. ರಕ್ತಾನೂ ಪಾದದ ತನಕ ಚಲೋ ಹರೀತದ. ಗಾಯ ಎಲುವಿಗೆ ಇಳದಿಲ್ಲ. ಕಾಲು ತೆಗಿಯೋ ಮಾತು ಇವತ್ತಿಲ್ಲ.”

“ಇವತ್ತಿಲ್ಲ ಅಂದ್ರ?”

“ಇವತ್ತಿಲ್ಲ ಅಂದ್ರ ಇವತ್ತಿಲ್ಲ. ಮುಂದಿಂದು ಅರ್ಧಾ ನನ್ನ ಕೈಯಾಗ, ಅರ್ಧಾ ನಿಮ್ಮ ಕೈಯಾಗ ಅದ. ಇವತ್ತಿಂದ ಮಾತ್ರಿ ಸುರು ಮಾಡೂನು. ದಿನಾ ಬಿಟ್ಟು ದಿನಾ ಡ್ರೆಸ್ಸಿಂಗ್. ಎರಡು ವಾರದಾಗ ಸಕ್ಕರಿ ಇಳೀಲಿಲ್ಲ ಅಂದ್ರ ಕೆಲವು ದಿನ ಇನ್ಸುಲಿನ್ ಸೂಜಿ.”

ಮಾತ್ರೆ ಎಂದದ್ದೇ ಇನ್ನೊಂದು ಹೆದರಿಕೆ ತಲೆಯೆತ್ತಿತು. ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡಲಾಗದು, ಕಿಡ್ನಿ ಹೋಗುತ್ತದೆ ಎಂದೆಲ್ಲ ಚಹಾದಂಗಡಿಯ ಪಂಡಿತರು ಹೇಳಿದ್ದರು. “ಮೇಡಂ, ಒಂದು ಮೂರು ತಿಂಗಳು ಖರೇನೇ ಪಥ್ಯ ಮಾಡ್ತೀನ್ರಿ. ನಡೀತೀನ್ರಿ. ಮಾತ್ರಿ ಇಲ್ದ ಒಂದು ಚಾನ್ಸ್ ಕೊಡ್ರಿ,” ಎಂದೆ.

“ಆ ಚಾನ್ಸ್ ನಿಮಗ ಎರಡು ವರ್ಷದ ಹಿಂದೇ ಕೊಟ್ಟಿದ್ರಲ್ರಿ.”

ಕೋಪವಿಲ್ಲದೆ ಹೇಳಿದರು. ಅದಕ್ಕೇ ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಚೀಟಿ ಬರೆಯುತ್ತ, “ಕಿಡ್ನಿ ಹಾಳು ಮಾಡೋದು ಸಕ್ಕರಿ. ಈ ಮಾತ್ರಿ ಅಲ್ಲ. ಆದ್ರೂ ವರ್ಷಕ್ಕೊಮ್ಮಿ ಕಿಡ್ನಿ, ಕಣ್ಣು ಎರಡೂ ನೋಡ್ತೀವಿ. ತೂಕ ಇಳದು, ಸಕ್ಕರಿ ಹಿಡಿತಕ್ಕ ಬಂದ್ರ ಮುಂದ ಮಾತ್ರಿ ಕಡಿಮಿ ಮಾಡೋದು ನೋಡಬಹುದು. ಆಗೇ ಆಗ್ತದ ಅಂತ ನಾ ಮಾತು ಕೊಡಂಗಿಲ್ಲ,” ಎಂದರು.

ಮೊದಲ ಮಾತ್ರೆಯನ್ನು ನೀಲಮ್ಮ ಅಂಗೈಯಲ್ಲಿ ಹಿಡಿದು ನಿಂತಳು. ಹಾವಿಗೆ ಹಾಲು ಕುಡಿಸುವವರೂ ಅಷ್ಟು ಹೆದರಲಾರರು, ಅಷ್ಟು ಹೆದರಿ ನುಂಗಿದೆ. ಊಟದ ಜೊತೆ ತೆಗೆದುಕೊಳ್ಳಿ ಎಂದಿದ್ದರು. ನಾನು ಬೇಗ ಗುಣವಾಗಲೆಂದು ಮೂರನೇ ದಿನ ಬರಿಹೊಟ್ಟೆಯಲ್ಲಿ ನುಂಗಿ ಮೊದಲ ಡ್ರೆಸ್ಸಿಂಗಿಗೆ ಯಾದಗಿರಿಯ ಬಸ್ಸು ಹತ್ತಿದೆ. ಭೀಮಾ ಸೇತುವೆ ದಾಟುವಷ್ಟರಲ್ಲಿ ಹೊಟ್ಟೆಯೊಳಗೆ ಕೆನಾಲಿನ ಗೇಟು ತೆಗೆದ ಸದ್ದು. ಕಂಡಕ್ಟರನ ಕೈಕಾಲು ಹಿಡಿದು ಬಸ್ಸು ನಿಲ್ಲಿಸಿ, ಬ್ಯಾಂಡೇಜು ಕಟ್ಟಿದ ಕಾಲೆತ್ತಿ ಕುಂಟುತ್ತ ಜಾಲಿ ಗಿಡದ ಹಿಂದೆ ಓಡಿದೆ. ಬಸ್ಸಿನ ಅಷ್ಟೂ ಜನ ಕಿಟಕಿಯಿಂದ ಹುರಿದುಂಬಿಸಿದರು. ಹತ್ತು ದಿನದಲ್ಲಿ ಹೊಟ್ಟೆ ಹೊಂದಿಕೊಂಡಿತು, ಮರ್ಯಾದೆ ಮಾತ್ರ ಜಾಲಿಯ ಹಿಂದೆಯೇ ಉಳಿಯಿತು.

ಗಿರಣಿಯಲ್ಲಿ ಕಷ್ಟದ್ದು ಚಹಾ. ಮೊದಲ ದಿನ ಒಬ್ಬ ವಯಸ್ಸಾದ ರೈತ ತೂಕದ ಚೀಟಿ ಹಿಡಿದು, “ನಡಿ ತಮ್ಮಾ, ಚಾ ಕುಡಿಯೂನು,” ಎಂದ. ಒಲ್ಲೆ ಎಂದೆ. ಅವನ ಮುಖ ಗಂಟಾಯಿತು. “ಎದಕ್ಕ? ತೂಕದಾಗ ಏನಾರ ಐಬು ಅದ ಏನು?” ಸುತ್ತ ಹಮಾಲರು ಕೇಳಿಸಿಕೊಳ್ಳುತ್ತಿದ್ದರು. ಹತ್ತು ಸುಳ್ಳು ನಾಲಿಗೆಯ ತುದಿಗೆ ಬಂದವು. ನುಂಗಿದೆ. “ತೂಕ ಬರೋಬರಿ ಅದ ಕಾಕಾ. ನನಗ ಸಕ್ಕರಿ ಕಾಯಿಲೆ ಅದ. ಕಾಲಿಗೆ ಗಾಯ ಆಗ್ಯಾದ. ಕಾಲು ಹೋಗ್ತದೇನೋ ಅಂತ ಅಂಜಿಕಿ ಆಗ್ಯಾದ.”

ಹೊರಗಿನವರೆದುರು ಆ ಮಾತು ಆಡಿದ್ದು ಅದೇ ಮೊದಲು. ಕಾಕಾ ನನ್ನ ಬ್ಯಾಂಡೇಜು ನೋಡಿದ. ಯಾವಾಗಲೂ ನಗಿಸುವವನು ಹೀಗೆ ಹೇಳಿದರೆ ಜನಕ್ಕೆ ನಂಬಲು ಒಂದು ಕ್ಷಣ ಬೇಕಾಗುತ್ತದೆ. ಆಮೇಲೆ ಅವನೇ ಹೋಗಿ ಎರಡು ಕಪ್ಪು ತಂದ, ಎರಡೂ ಸಕ್ಕರೆಯಿಲ್ಲದ್ದು. “ನಾನೂ ಅದನ್ನೇ ಕುಡೀತೀನಿ ಇವತ್ತು. ತಗೋ,” ಎಂದ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. “ಥೂ, ಇದು ಚಾ ಏನಲೇ? ದನಕ್ಕ ಕುಡಿಸೋ ಕಷಾಯ.” ಪೂರ್ತಿ ಕುಡಿದೇ ಹೋದ.

ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ, ಸೊಪ್ಪು. ಗಾಯದ ಕಾಲಿನಲ್ಲಿ ಈಗಲೇ ನಡೆಯಬೇಡಿ ಎಂದಿದ್ದರಿಂದ ಕುರ್ಚಿಯಲ್ಲಿ ಕೂತೇ ಕೈ ಬೀಸುವ ಕಸರತ್ತು. ನೊಣ ಓಡಿಸುತ್ತಿದ್ದೇನೆ ಎಂದು ಡ್ರೈವರುಗಳು ತಿಳಿದರು. ಎರಡು ವಾರಕ್ಕೆ ಸಕ್ಕರೆ ಇಳಿಯಿತು, ಸೂಜಿ ತಪ್ಪಿತು. ಗಾಯ ಮಾತ್ರ ತನ್ನದೇ ನಡಿಗೆಯಲ್ಲಿತ್ತು. ಶಹಾಪುರದ ಡ್ರೆಸ್ಸಿಂಗ್ ಖೋಲಿಯಲ್ಲಿ ಬ್ಯಾಂಡೇಜು ಬಿಚ್ಚುವಾಗಲೆಲ್ಲ ನಾನು ಗೋಡೆ ನೋಡುತ್ತಿದ್ದೆ. ನೀಲಮ್ಮ ಗಾಯ ನೋಡುತ್ತಿದ್ದಳು. ನಾನು ಅವಳ ಮುಖ ನೋಡಿ ಗಾಯ ಓದಿಕೊಳ್ಳುತ್ತಿದ್ದೆ. ಆರನೇ ವಾರ ನರ್ಸಮ್ಮ ಬಿಚ್ಚಿದವರು ಹೊಸದನ್ನು ಕಟ್ಟಲೇ ಇಲ್ಲ.

“ಇನ್ನ ಬ್ಯಾಡ. ಮಾಯ್ದಾದ. ಗಾಳಿ ಆಡಲಿ.”

“ಇನ್ನೊಂದು ಸಲ ಕಟ್ರಿ, ಸಿಸ್ಟರ್. ಸುಮ್ಮ ಧೈರ್ಯಕ್ಕ.”

“ಏಳೋ ಮಾರಾಯಾ, ಹೊರಗ ಗಾಯ ಆದವರು ಕುಂತಾರ.”

ಮೆತ್ತನೆಯ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಕುಣಿಯಬೇಕು ಎನ್ನಿಸಲಿಲ್ಲ. ಗಾಜಿನ ಮೇಲೆ ಇಟ್ಟಂತೆ ಹೆಜ್ಜೆ ಇಟ್ಟೆ. ನಿಮಗೆ ಸುಳ್ಳು ಹೇಳುವುದಿಲ್ಲ, ಹೆದರಿಕೆ ಹೋಗಿಲ್ಲ. ಎರಡು ಕಡೆ ಮಂದವಾದದ್ದು ಮಂದವಾಗಿಯೇ ಇದೆ. ರಾಶಿಯ ಹತ್ತಿರ ಈಗಲೂ ಚಪ್ಪಲಿ ಬಿಡಬೇಕು, ಅದಕ್ಕೆ ನಾನು ರಾಶಿಯ ಹತ್ತಿರ ಹೋಗುವುದನ್ನೇ ಬಿಟ್ಟೆ. ದೂರದಿಂದಲೇ ಕೈಮುಗಿಯುತ್ತೇನೆ.

ಮರುದಿನ ನಾನಾಗಿಯೇ ಸುರಪುರದ ಬಸ್ಸು ಹತ್ತಿದೆ.

ಮಾವ ಅಂಗಡಿಯ ಗಲ್ಲಾದ ಹಿಂದೆ ಕೂತಿದ್ದರು. ಪಕ್ಕದಲ್ಲಿ ಊರುಗೋಲು. “ಓಹೋ, ಲಾರಿ ಸಾಹೇಬ್ರು ಬಂದ್ರು,” ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ರೂಢಿಯಂತೆ ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದೆ. ಎರಡೂ ಕೈ ಚಾಚಿದ್ದೆ. ಒಂದು ಕೈಗೆ ಪಾದ ಸಿಕ್ಕಿತು. ಇನ್ನೊಂದು ನೆಲ ಮುಟ್ಟಿತು. ಹಾಗೇ ಬಗ್ಗಿಕೊಂಡೇ ಇದ್ದುಬಿಟ್ಟೆ.

“ಏಳು ಏಳು,” ಎಂದರು ಮಾವ. “ನಿಮ್ಮವ್ವ ಫೋನ್ ಮಾಡಿದ್ಲು. ಯಾವ ಕಾಲು?”

“ಬಲಗಾಲು, ಮಾವ.”

“ನಂದೂ ಅದೇ. ಕುಂದ್ರು. ಮ್ಯಾಲ ಇಡು ಇಲ್ಲಿ.” ತಮ್ಮ ತೊಡೆ ತಟ್ಟಿದರು.

“ಏ, ಬ್ಯಾಡ ಮಾವ. ನಿಮ್ಮ ಮೈಮ್ಯಾಲ ಕಾಲು ಇಡೋದಾ? ಪಾಪ ಬರ್ತದ.”

“ಪಾಪ ಬಂದ್ರ ಬರಲಿ. ಅದಕ್ಕ ಮಾತ್ರಿ ಇಲ್ಲ, ಡಾಕ್ಟರ್ ಇಲ್ಲ, ಆರಾಮ ಇರ್ತದ. ಇಡು ಅಂದ್ರ ಇಡು. ನಾನೂ ಎರಡು ತಿಂಗಳು ಕಾಲುಚೀಲದಾಗ ಮುಚ್ಚಿ ಇಟ್ಟಿದ್ದೆ. ನಿಮ್ಮತ್ತಿಗೂ ತೋರ್ಸಿರಲಿಲ್ಲ.”

ಅದು ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲವೇನೋ. ನಾನು ಕಾಲೆತ್ತಿ ಅವರ ತೊಡೆಯ ಮೇಲೆ ಇಟ್ಟೆ. ಸಾಮಾನು ಕೊಳ್ಳಲು ಬಂದ ಹೆಂಗಸೊಬ್ಬಳು ಬಾಯಿ ತೆರೆದು ನಿಂತಳು. ಮಾವನ ಕಣ್ಣು ಈಗ ಅಷ್ಟು ಚುರುಕಿಲ್ಲ. ಹೆಬ್ಬೆರಳಿನಿಂದ ನನ್ನ ಪಾದವನ್ನು ಹಿಮ್ಮಡಿಯಿಂದ ಬೆರಳ ತನಕ ನಿಧಾನಕ್ಕೆ ಒತ್ತುತ್ತ ಬಂದರು, ಬೆರಳ ಸಂದುಗಳನ್ನೂ ಬಿಡಲಿಲ್ಲ. ಹೊಸ ಚರ್ಮದ ಮೇಲೆ ಬಂದು ನಿಂತರು.

“ಬೆಚ್ಚಗ ಅದ,” ಎಂದರು. “ಚಲೋ ಅದ.”

ಆ ಹೆಂಗಸು, “ಅಣ್ಣಾ, ಅರ್ಧಾ ಕೆಜಿ ಶೇಂಗಾ,” ಎಂದಳು.

“ನಿಂದ್ರವ್ವಾ ಸ್ವಲ್ಪ,” ಎಂದರು ಮಾವ, ಕೈ ತೆಗೆಯದೆ. “ಕಾಲು ಹಿಡಕೊಂಡೀನಿ.”